ಎಳೆ ಎಣಿಸಿ ಬೆಲೆ ಕಟ್ಟುವ ವ್ಯಾಪಾರ

ಬೆಡ್‌ಶೀಟಿನ ಪ್ಯಾಕೆಟ್ಟಿನ ಮೇಲೆ ಕಂಪನಿಯ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಈಗ ಒಂದು ಸಂಖ್ಯೆ ಇರುತ್ತದೆ: 144 ಟಿಸಿ, 210 ಟಿಸಿ, 400 ಟಿಸಿ, 1000 ಟಿಸಿ. ಟಿಸಿ ಎಂದರೆ ಥ್ರೆಡ್ ಕೌಂಟ್. ಒಂದು ಚದರ ಇಂಚು ಬಟ್ಟೆಯಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸಿ ಎರಡನ್ನೂ ಕೂಡಿದರೆ ಬರುವ ಮೊತ್ತ ಅದು. ಉದ್ದಕ್ಕೆ 110, ಅಡ್ಡಕ್ಕೆ 90 ಎಳೆ ಇದ್ದರೆ 200. ಇಷ್ಟು ಸರಳವಾದ ಲೆಕ್ಕ ಇಂದು ಬೆಲೆಯ ಏಣಿಯಾಗಿದೆ. ಸಂಖ್ಯೆ ಏರಿದಷ್ಟೂ ಬಟ್ಟೆ ಮೆತ್ತಗೆ, ಬಾಳಿಕೆ ಹೆಚ್ಚು, ಮನೆಗೆ ಶೋಭೆ ಎಂಬುದನ್ನು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಆನ್‌ಲೈನಿನಲ್ಲಿ ಬಟ್ಟೆ ಮುಟ್ಟಿ ನೋಡುವ ಅವಕಾಶವೇ ಇಲ್ಲದ್ದರಿಂದ ಈ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಈ ಸಂಖ್ಯೆ ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಒಂಟಿಯಾಗಿ ನಿಂತಾಗ ಅದು ಹೇಳುವುದು ಬಹಳ ಕಡಿಮೆ. ಬೆಲೆಯ ಏಣಿಯಾದ ಮೇಲಂತೂ ಅದು ಬಟ್ಟೆಯನ್ನು ಅಳೆಯುವುದು ಬಿಟ್ಟು ಬಟ್ಟೆಯನ್ನೇ ಕೆಡಿಸತೊಡಗಿದೆ ಎಂಬುದು ನನ್ನ ವಾದ.

ಮಗ್ಗದ ಮುಂದೆ ಕೂತವರಿಗೆ ಎಳೆಗಳ ಸಂಖ್ಯೆ ಯಾವತ್ತೂ ಬಿಡಿಯಾಗಿ ಕಾಣುವುದಿಲ್ಲ. ಅವರು ಮೊದಲು ಕೇಳುವುದು ನೂಲು ಎಷ್ಟರದ್ದು ಎಂದು. ಇಪ್ಪತ್ತರ ನೂಲು, ನಲವತ್ತರ ನೂಲು, ಎಂಬತ್ತರ ನೂಲು ಎಂಬ ಮಾತು ಕೈಮಗ್ಗ, ಪವರ್‌ಲೂಮ್ ಎರಡೂ ಕಡೆ ದಿನನಿತ್ಯದ್ದು. ಇದು ಇಂಗ್ಲಿಷ್ ಕಾಟನ್ ಕೌಂಟ್ ಎಂಬ ಹಳೆಯ ಅಳತೆ: 840 ಗಜ ಉದ್ದದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೆ ಎಂಬ ಲೆಕ್ಕ. ನಲವತ್ತು ಲಡಿ ಬೇಕಾದರೆ ಅದು ನಲವತ್ತರ ನೂಲು, ಎಂಬತ್ತು ಬೇಕಾದರೆ ಎಂಬತ್ತರದ್ದು. ಹಾಗಾಗಿ ಕೌಂಟ್ ಏರಿದಂತೆ ನೂಲು ಸಣ್ಣದಾಗುತ್ತದೆ. ನಲವತ್ತರ ನೂಲನ್ನು ಒಂದು ಗ್ರಾಂ ತೂಗಿ ಬಿಚ್ಚಿದರೆ ಸುಮಾರು 68 ಮೀಟರ್ ಹರಿಯುತ್ತದೆ. ಎಂಬತ್ತರದ್ದಾದರೆ 135 ಮೀಟರ್. ಹಣಿಗೆಯಲ್ಲಿ ಇಂಚಿಗೆ ಎಷ್ಟು ಎಳೆ ಹಾಯಿಸಬಹುದು ಎಂಬುದನ್ನು ತೀರ್ಮಾನಿಸುವುದು ಈ ಸಣ್ಣತನ. ಒಂದು ಕಾಲಕ್ಕೆ ಹೆಚ್ಚು ಥ್ರೆಡ್ ಕೌಂಟ್ ಅಂದರೆ ಒಳ್ಳೆಯ ಬಟ್ಟೆ ಅನ್ನುವುದು ಬಹುಮಟ್ಟಿಗೆ ನಿಜವೇ ಆಗಿತ್ತು, ಏಕೆಂದರೆ ಒಂಟಿ ಎಳೆಯ ನೂಲಿನಲ್ಲಿ ಸಂಖ್ಯೆ ಏರಿಸಬೇಕಾದರೆ ಸಣ್ಣ ನೂಲು ತೆಗೆಯದೆ ಬೇರೆ ದಾರಿಯೇ ಇರಲಿಲ್ಲ. ಸಣ್ಣ ನೂಲು ತೆಗೆಯಬೇಕಾದರೆ ಒಳ್ಳೆಯ ಹತ್ತಿ ಬೇಕಿತ್ತು. ಸಂಖ್ಯೆಯ ಹಿಂದೆ ನೂಲಿತ್ತು, ನೂಲಿನ ಹಿಂದೆ ಹತ್ತಿಯಿತ್ತು. ಇಂದಿನ ಪ್ಯಾಕೆಟ್ಟಿನಲ್ಲಿ ಉಳಿದಿರುವುದು ಸಂಖ್ಯೆ ಮಾತ್ರ.

ಈ ಸಂಬಂಧ ಕಡಿದುಹೋದರೆ ಏನಾಗುತ್ತದೆ ಎಂದು ನೋಡಲು ಒಂದು ಲೆಕ್ಕ ಸಾಕು. ನಲವತ್ತರ ನೂಲಿನಲ್ಲಿ ನೇಯ್ದ 200 ಟಿಸಿ ಬಟ್ಟೆ ಚದರ ಮೀಟರಿಗೆ ಸುಮಾರು 116 ಗ್ರಾಂ ತೂಗುತ್ತದೆ. ಎಂಬತ್ತರ ನೂಲಿನಲ್ಲಿ ನೇಯ್ದ 400 ಟಿಸಿ ಬಟ್ಟೆಯ ತೂಕವೂ ಅಷ್ಟೇ, 116 ಗ್ರಾಂ. (ಎಳೆ ಮೇಲೆ ಕೆಳಗೆ ಬಳುಕುವುದರಿಂದ ನಿಜವಾದ ತೂಕ ಎರಡರಲ್ಲೂ ಸ್ವಲ್ಪ ಹೆಚ್ಚು.) ಎರಡರಲ್ಲೂ ಹತ್ತಿಯ ಪ್ರಮಾಣ ಒಂದೇ, ಹಂಚಿಕೆ ಬೇರೆ. ಎರಡನೆಯದು ನುಣುಪಾಗಿರುತ್ತದೆ, ಅದಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ, ಏಕೆಂದರೆ ಅಷ್ಟು ಸಣ್ಣ ನೂಲು ತೆಗೆಯುವುದು ದುಬಾರಿ ಕೆಲಸ. ಈಗ 1000 ಟಿಸಿಗೆ ಬನ್ನಿ. ನಲವತ್ತರ ನೂಲಿನಲ್ಲಿ ನಿಜಕ್ಕೂ ಇಂಚಿಗೆ ಸಾವಿರ ಎಳೆ ತುಂಬಲು ಸಾಧ್ಯವಾದರೆ ಆ ಬಟ್ಟೆ ಚದರ ಮೀಟರಿಗೆ 580 ಗ್ರಾಂ ತೂಗಬೇಕು. ಒರಟು ಜೀನ್ಸ್ ಬಟ್ಟೆಯೇ 475 ಗ್ರಾಂ ಆಸುಪಾಸಿನಲ್ಲಿರುತ್ತದೆ. ಎಂಬತ್ತರ ನೂಲಾದರೂ 290 ಗ್ರಾಂ, ಅಂದರೆ 90–100 ಇಂಚಿನ ಒಂದು ಡಬಲ್ ಬೆಡ್‌ಶೀಟ್ 1.7 ಕಿಲೋ. ಸಾವಿರ ಎಂದು ಬರೆದುಕೊಂಡ ಶೀಟು ಕೈಗೆ ಹಗುರವಾಗಿದೆ ಅನ್ನಿಸಿದರೆ ಅನುಮಾನಪಡಲು ಅದೇ ಸಾಕು.

ತೂಕದ ಮಾತು ಬಿಟ್ಟರೂ ಜಾಗದ ಮಾತಿದೆ. ಬಟ್ಟೆಯ ರೇಖಾಗಣಿತದ ಮೇಲೆ ಎಫ್. ಟಿ. ಪಿಯರ್ಸ್ ಎಂಬ ವಿಜ್ಞಾನಿ 1937ರಲ್ಲಿ ಬರೆದ ಪ್ರಬಂಧ ಜವಳಿ ಕಾಲೇಜುಗಳಲ್ಲಿ ಇವತ್ತಿಗೂ ಪಾಠ. ಅವರ ಸೂತ್ರದ ಪ್ರಕಾರ ಹತ್ತಿಯ ನೂಲಿನ ಅಡ್ಡಗಲ ತಿಳಿಯಲು ಕೌಂಟಿನ ವರ್ಗಮೂಲವನ್ನು 28ರಿಂದ ಗುಣಿಸಬೇಕು. ಬಂದ ಸಂಖ್ಯೆಯಷ್ಟು ಎಳೆ ಒಂದಕ್ಕೊಂದು ತಾಗಿಕೊಂಡು ಒಂದು ಇಂಚಿನಲ್ಲಿ ಹಿಡಿಯುತ್ತವೆ. ನೂರರ ನೂಲಿಗೆ ಅದು 280. ಆದರೆ ಬಟ್ಟೆ ಅಂದಮೇಲೆ ಎಳೆಗಳು ಬರೀ ಪಕ್ಕಪಕ್ಕದಲ್ಲಿ ಮಲಗಿದರೆ ಸಾಲದು, ನಡುವೆ ಹೊಕ್ಕು ಹತ್ತಿ ಇಳಿಯಲು ಎಡೆ ಬೇಕು. ಒಂದು ಬಿಟ್ಟು ಒಂದು ಹಾಯುವ ಸಾದಾ ನೇಯ್ಗೆಯಲ್ಲಿ ಆ ಎಡೆಗೇ ಹತ್ತಿರಹತ್ತಿರ ಅರ್ಧ ಜಾಗ ಹೋಗುತ್ತದೆ. ಹಾಗಾಗಿ ನೂರರಂಥ ಸಣ್ಣ ನೂಲಿನಲ್ಲೂ ಸಾದಾ ನೇಯ್ಗೆಯ ಒಂಟಿ ಎಳೆ ಬಟ್ಟೆ ಎರಡೂ ದಿಕ್ಕು ಸೇರಿ ಮುನ್ನೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಾಲ್ಕು ಎಳೆ ಹಾರಿ ಒಂದರ ಕೆಳಗೆ ನುಗ್ಗುವ ಸ್ಯಾಟಿನ್ ನೇಯ್ಗೆಯಲ್ಲಿ ಎಡೆ ಕಡಿಮೆ ಸಾಕಾಗುವುದರಿಂದ ನಾನೂರು ದಾಟಬಹುದು. ಒತ್ತಡಕ್ಕೆ ನೂಲು ಚಪ್ಪಟೆಯಾಗುತ್ತದೆ ಎಂದು ಸ್ವಲ್ಪ ರಿಯಾಯಿತಿ ಕೊಟ್ಟರೂ ಸಾವಿರ ಬಹಳ ದೂರದ ಮಾತು. ಅಂಗಡಿಯ ಅಟ್ಟಣಿಗೆಯಲ್ಲಿ ಸಾವಿರ ಟಿಸಿ ಸಾಲುಸಾಲಾಗಿ ಕೂತಿದೆಯೆಂದರೆ ಎಣಿಸುವ ಕ್ರಮದಲ್ಲೇ ಏನೋ ಮಾಡಿರಬೇಕು.

ಮಾಡಿರುವುದು ಇಷ್ಟು. ಎರಡು ಅಥವಾ ನಾಲ್ಕು ಎಳೆಗಳನ್ನು ಸೇರಿಸಿ ಹೊಸೆದು ಒಂದು ನೂಲು ಮಾಡುತ್ತಾರೆ. ಇದಕ್ಕೆ ಪ್ಲೈ ನೂಲು ಎಂದು ಹೆಸರು. ಬಟ್ಟೆಯಲ್ಲಿ ಹಾಯುವುದು ಆ ಒಂದೇ ನೂಲು. ಪ್ಯಾಕೆಟ್ಟಿಗೆ ಬರುವಾಗ ಮಾತ್ರ ಒಳಗಿನ ಎಳೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಲಾಗುತ್ತದೆ. ಇಂಚಿಗೆ 250 ನೂಲು, ಪ್ರತಿಯೊಂದೂ ನಾಲ್ಕು ಎಳೆಯದ್ದು, ಆಯಿತು ಸಾವಿರ. ಮೂರು ಕಾಲು ಸೇರಿಸಿ ಹೆಣೆದ ಒಂದು ಜಡೆಯನ್ನು ಮೂರು ಜಡೆ ಎಂದ ಹಾಗಾಯಿತು. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ3775 ಎಂಬ ಪರೀಕ್ಷಾ ಮಾನದಂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಎಷ್ಟು ಎಳೆ ಹೊಸೆದಿದ್ದರೂ ನೂಲು ಒಂದೇ, ಎಣಿಕೆಯೂ ಒಂದೇ. 2005ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಅಧಿಕಾರಿಗಳು ಜವಳಿ ಉದ್ಯಮದ ಸಂಘವೊಂದು ಕೇಳಿದ ಪ್ರಶ್ನೆಗೆ ಉತ್ತರವಾಗಿ, ಪ್ಲೈಯಿಂದ ಗುಣಿಸಿ ಉಬ್ಬಿಸಿದ ಸಂಖ್ಯೆ ಗ್ರಾಹಕರ ದಾರಿ ತಪ್ಪಿಸಬಹುದು ಎಂದೂ, 300 ಟಿಸಿ, ಎರಡು ಪ್ಲೈ ನೂಲು ಎಂಬಂತೆ ಬರೆದರೆ ತೊಂದರೆ ಕಡಿಮೆ ಎಂದೂ ಪತ್ರ ಬರೆದರು. ಅದು ಬರೀ ಅಭಿಪ್ರಾಯ, ಕಾನೂನಿನ ಬಿಗಿ ಅದಕ್ಕಿರಲಿಲ್ಲ. ಅಮೆರಿಕಕ್ಕೆ ಹತ್ತಿಯ ಬೆಡ್‌ಶೀಟ್ ಕಳಿಸುವ ದೇಶಗಳಲ್ಲಿ ಮುಂದಿನ ಸಾಲಿನಲ್ಲಿರುವ ನಮ್ಮ ಗಿರಣಿಗಳಿಗೆ ಈ ಪತ್ರದ ಒಕ್ಕಣೆ ಗೊತ್ತಿಲ್ಲದೆ ಏನಿಲ್ಲ.

ಇದಕ್ಕೆ ಜವಳಿಯವರ ಕಡೆಯಿಂದ ಬರುವ ಆಕ್ಷೇಪ ಒಂದಿದೆ, ಅದು ಹಗುರವಾದದ್ದಲ್ಲ. ಹೊಸೆದ ನೂಲು ಒಂಟಿ ಎಳೆಗಿಂತ ಗಟ್ಟಿ ಅಲ್ಲವೇ, ಒಳ್ಳೆಯ ಶರ್ಟಿನ ಬಟ್ಟೆಗಳಲ್ಲಿ ಎರಡು ಪ್ಲೈ ನೂಲನ್ನೇ ಹೊಗಳುವುದಿಲ್ಲವೇ ಎಂದು ಅವರು ಕೇಳುತ್ತಾರೆ. ನಿಜ. ನೂರರ ಎರಡು ಎಳೆ ಹೊಸೆದ ನೂಲು ಸಮನಾಗಿರುತ್ತದೆ, ಬಲವಾಗಿರುತ್ತದೆ, ಅದರ ಬಟ್ಟೆ ಅಂದವಾಗಿ ಕೂರುತ್ತದೆ. ನನ್ನ ತಕರಾರು ಹೊಸೆಯುವುದರ ಮೇಲಲ್ಲ. ಎಂಬತ್ತರ ಎರಡು ಎಳೆ ಹೊಸೆದರೆ ಬರುವ ನೂಲಿನ ದಪ್ಪ ನಲವತ್ತರ ಒಂಟಿ ನೂಲಿನಷ್ಟು. ಆ ಬಟ್ಟೆಗೆ ಎಂಬತ್ತರ ನೂಲಿನ ನವಿರು ಬರುವುದಿಲ್ಲ, ನಲವತ್ತರದ್ದರ ಗಟ್ಟಿತನ ಇನ್ನಷ್ಟು ಹೆಚ್ಚಾಗಿ ಬರುತ್ತದೆ. ಗಟ್ಟಿಯಾದ ಬಟ್ಟೆ ಎಂದು ಹೇಳಿ ಮಾರಿದರೆ ಯಾರಿಗೂ ಅಭ್ಯಂತರವಿಲ್ಲ. ಗಟ್ಟಿತನವನ್ನು ನವಿರಿನ ಲೆಕ್ಕದಲ್ಲಿ ಬರೆದು, ನವಿರಿನ ಬೆಲೆ ಹಾಕುವುದು ತಪ್ಪು. ಇನ್ನೊಂದು ಮಾತು: ಸಂಖ್ಯೆ ಉಬ್ಬಿಸಲೆಂದೇ ಹೊಸೆಯುವಾಗ ಬಳಸುವ ಎಳೆ ಶರ್ಟಿನವರು ಆರಿಸುವ ಉತ್ತಮ ಎಳೆಯಾಗಿರಬೇಕೆಂದೇನಿಲ್ಲ. ತುಂಡು ನಾರಿನ ಸಾಧಾರಣ ನೂಲನ್ನೂ ಎರಡು ಸೇರಿಸಿ ಹೊಸೆದರೆ ಲೇಬಲ್ಲಿನ ಮೇಲೆ ಎಣಿಕೆ ಇಮ್ಮಡಿಯಾಗುತ್ತದೆ, ಬಟ್ಟೆ ದಪ್ಪವಾಗಿ ಬಿಗಿಯುತ್ತದೆ.

ಪ್ಲೈ ಲೆಕ್ಕ ಹಳೆಯದಾಯಿತು. ಈಚಿನದು ಇನ್ನೂ ಚತುರ. ಮಗ್ಗದಲ್ಲಿ ಹಾಸು ಬಾಯಿ ಬಿಟ್ಟಾಗ ಒಂದು ಹೊಕ್ಕಿನ ಎಳೆ ಹಾಯಬೇಕಾದ ಕಡೆ, ಹೊಸೆಯದೆ ಬಿಡಿಯಾಗಿಯೇ ಇರುವ ನಾಲ್ಕು, ಆರು, ಎಂಟು ಎಳೆಗಳನ್ನು ಒಟ್ಟಿಗೇ ಹಾಯಿಸುತ್ತಾರೆ. ಹೊಸೆದಿಲ್ಲವಲ್ಲ, ಆದ್ದರಿಂದ ಪ್ರತಿಯೊಂದನ್ನೂ ಎಣಿಸಬಹುದು ಎಂಬ ವಾದ ಹಿಂದೆಯೇ ಬರುತ್ತದೆ. ಎಳೆ ಎಣಿಸುವ ಪಿಕ್ ಗ್ಲಾಸ್ ಎಂಬ ಮಡಚುವ ಭೂತಗನ್ನಡಿಯನ್ನು ಇಂಥ ಬಟ್ಟೆಯ ಮೇಲಿಟ್ಟು ನೋಡಿದರೆ ಉದ್ದದ ಎಳೆಗಳು ಒಂದೊಂದಾಗಿ ದುಂಡಗೆ ನಿಂತಿರುತ್ತವೆ. ಅಡ್ಡಕ್ಕೆ ಮಾತ್ರ ಕೂದಲಿನಂಥ ಎಳೆಗಳು ಗುಂಪುಗುಂಪಾಗಿ ಚಪ್ಪಟೆ ಮಲಗಿರುತ್ತವೆ, ಸೂಜಿಯ ಮೊನೆಯಿಂದ ಸರಿಸಿದರೆ ಗುಂಪಿಗೆ ಗುಂಪೇ ಸರಿಯುತ್ತದೆ. ಬಟ್ಟೆಯ ಮಟ್ಟಿಗೆ ಆ ಗುಂಪು ಒಂದೇ ಎಳೆಯಂತೆ ವರ್ತಿಸುತ್ತದೆ. ಅಷ್ಟು ಸಣ್ಣ ಎಳೆಯನ್ನು ಹತ್ತಿಯಲ್ಲಿ ತೆಗೆಯಲು ವಿಪರೀತ ಖರ್ಚಾಗುವುದರಿಂದ ಹೊಕ್ಕಿಗೆ ಅನೇಕ ಬಾರಿ ಬರುವುದು ಪಾಲಿಯೆಸ್ಟರ್ ತಂತು. ಹಾಸಿಗೆ ಹತ್ತಿ, ಹೊಕ್ಕಿಗೆ ಪಾಲಿಯೆಸ್ಟರ್, ಮುಖಕ್ಕೆ ಸ್ಯಾಟಿನ್ ಹೊಳಪು: ಸಾವಿರದ ಮೇಲಿನ ಎಷ್ಟೋ ಶೀಟುಗಳ ಒಳಗುಟ್ಟು ಇದು. ನಾರಿನ ಪ್ರಮಾಣವನ್ನು ಪ್ಯಾಕೆಟ್ಟಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಹಾಗಾಗಿ ಸುಳ್ಳು ಹೇಳಿದರು ಅನ್ನುವಂತೆಯೂ ಇಲ್ಲ.

ಮೋಸ ಎಂಬ ಒಂದು ಮಾತಿನಲ್ಲಿ ಇದನ್ನು ಮುಗಿಸಿದರೆ ನಿಜವಾದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಉಬ್ಬಿಸಿದರೂ ಬಟ್ಟೆ ಮೊದಲಿನದೇ ಆಗಿದ್ದರೆ ನಷ್ಟ ಬರೀ ಹಣದ್ದು. ಇಲ್ಲಿ ಹಾಗಲ್ಲ, ಸಂಖ್ಯೆ ಏರಿಸುವ ಸಲುವಾಗಿಯೇ ಬಟ್ಟೆಯ ಕಟ್ಟು ಬದಲಾಗಿದೆ. ಹತ್ತಿ ಹದವಾದ ಹವೆಯಲ್ಲಿ ತನ್ನ ಒಣತೂಕದ ಶೇಕಡಾ 8.5ರಷ್ಟು ತೇವವನ್ನು ಒಳಗೆ ಹಿಡಿದುಕೊಳ್ಳಬಲ್ಲದು. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4. ಬೆವರುವ ಮೈಯ ಕೆಳಗೆ ರಾತ್ರಿಯಿಡೀ ಇರಬೇಕಾದ ಬಟ್ಟೆಯ ಅರ್ಧಭಾಗವನ್ನು ಲೇಬಲ್ಲಿನ ಅಂಕಿಗಾಗಿ ಹತ್ತಿಯಿಂದ ಪಾಲಿಯೆಸ್ಟರಿಗೆ ಬದಲಾಯಿಸಿದರೆ, ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ನಿದ್ರೆ ಸಿಗುತ್ತದೆ. ಅದೇ ಹಣದಲ್ಲಿ ಅರವತ್ತರ ಅಪ್ಪಟ ಹತ್ತಿಯ 220 ಟಿಸಿ ಬಟ್ಟೆ ನೇಯುವ ಗಿರಣಿ ಅಟ್ಟಣಿಗೆಯಲ್ಲಿ ಸಾವಿರದ ಪಕ್ಕ ಬಡವಾಗಿ ಕಾಣುತ್ತದೆ, ಮಾರಾಟವಾಗದೆ ಕೂರುತ್ತದೆ, ಮುಂದಿನ ವರ್ಷ ಅದೂ ನಾಲ್ಕು ಎಳೆ ಒಟ್ಟಿಗೆ ಹಾಯಿಸಲು ಕಲಿಯುತ್ತದೆ.

ಹಾಗಾದರೆ ಮೆದುತನ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ನಾರಿನಿಂದ. ನೂಲು ಅಂದರೆ ನೂರಾರು ನಾರುಗಳನ್ನು ಹುರಿಕೊಟ್ಟು ಹಿಡಿದಿಟ್ಟದ್ದು. ನಾರು ಗಿಡ್ಡವಾದಷ್ಟೂ ತುದಿಗಳು ಹೆಚ್ಚು, ತುದಿಗಳು ಹೆಚ್ಚಾದಷ್ಟೂ ಮೈಗೆ ಚುಚ್ಚುವುದೂ ಒಗೆತಕ್ಕೆ ಉಂಡೆ ಏಳುವುದೂ ಹೆಚ್ಚು. ಉದ್ದ ನಾರಿನ ಹತ್ತಿಯಲ್ಲಿ ಈ ತೊಂದರೆ ಕಡಿಮೆ, ಮತ್ತು ಸಣ್ಣ ನೂಲು ತೆಗೆಯಲು ಬರುವುದೂ ಅದರಲ್ಲೇ. ಈ ವಿಷಯದಲ್ಲಿ ಈಜಿಪ್ಟಿನ ಹೆಸರು ಕೇಳಿದೊಡನೆ ಕಣ್ಣರಳಿಸುವ ನಮಗೆ ಧಾರವಾಡದ ಹೆಸರು ನೆನಪಾಗದಿರುವುದು ವಿಚಿತ್ರ. ಬಿ. ಎಚ್. ಕಟಾರ್ಕಿ ಅವರು ಅಲ್ಲಿ ಎರಡು ಬೇರೆ ಹತ್ತಿ ಪ್ರಭೇದಗಳನ್ನು ಕೂಡಿಸಿ ತೆಗೆದ ವರಲಕ್ಷ್ಮಿ ತಳಿ 1972ರಲ್ಲಿ ಬಂತು. ಆ ಬಗೆಯ ಹೈಬ್ರಿಡ್ ಹೊಲಕ್ಕಿಳಿದದ್ದು ಅದೇ ಮೊದಲು. 1981ರಲ್ಲಿ ಅಲ್ಲಿಂದಲೇ ಬಂದ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಅತಿ ಉದ್ದ ನಾರಿನ ಹತ್ತಿ. ಎಚ್.ಡಿ. ಕೋಟೆ ಸೀಮೆಯ ರೈತರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ತಮಿಳುನಾಡಿನ ಸುವಿನ್ ನಾರು ನೂರರ ಮೇಲಿನ ನೂಲಿಗೂ ಒದಗುತ್ತದೆ. ಇಂಥ ಹತ್ತಿಯನ್ನು ಬಾಚಿ, ಗಿಡ್ಡ ನಾರು ತೆಗೆದು ನೂತ ನೂಲಿಗೆ ಕೋಂಬ್ಡ್ ಎನ್ನುತ್ತಾರೆ. ಕೋಂಬ್ಡ್ ನೂಲಿನ 250 ಟಿಸಿ ಬಟ್ಟೆ, ಬಾಚದ ನೂಲಿನ 500ಕ್ಕಿಂತ ಹತ್ತು ಒಗೆತದ ನಂತರ ಮೆತ್ತಗಿರುತ್ತದೆ. ಹತ್ತು ಒಗೆತದ ನಂತರ ಎಂದು ಬೇಕೆಂದೇ ಹೇಳಿದೆ. ಅಂಗಡಿಯಲ್ಲಿ ಬೆರಳಿಗೆ ಸಿಗುವ ಜಾರುವ ನುಣುಪು ಬಹುಪಾಲು ಕೊನೆಗೆ ಹಚ್ಚಿದ ಸಿಲಿಕೋನ್ ಮೃದುಕಾರಿಯದು, ಬಿಸಿ ಉರುಳೆಗಳ ನಡುವೆ ಒತ್ತಿದ ಇಸ್ತ್ರಿಯದು. ಅದು ಬಕೆಟ್ಟಿನ ನೀರಿನಲ್ಲಿ ಕಂತುಕಂತಾಗಿ ಹೊರಟುಹೋಗುತ್ತದೆ.

ನೇಯ್ಗೆಯ ವಿಷಯ ಬೇಗ ಹೇಳಿ ಮುಗಿಸಬಹುದು. ಸಾದಾ ನೇಯ್ಗೆಯ ಒತ್ತಾದ ಬಟ್ಟೆಗೆ ಪರ್ಕೇಲ್ ಎಂದು ಹೆಸರು, 180ರ ಮೇಲಿದ್ದರೆ ಆ ಹೆಸರಿಗೆ ತಕ್ಕದ್ದು. ಗರಿಗರಿಯಾಗಿ, ಮೈಗೆ ತಣ್ಣಗೆ ಇರುತ್ತದೆ, ಇಸ್ತ್ರಿ ಕೇಳುತ್ತದೆ. ಸ್ಯಾಟಿನ್ ಹೊಳೆಯುತ್ತದೆ, ಇಳಿಬೀಳುತ್ತದೆ, ಆದರೆ ಮೇಲೆ ತೇಲುವ ಉದ್ದ ಎಳೆಗಳಿಗೆ ಕಾಲುಂಗುರ, ಬಳೆ, ಉಗುರು ಬೇಗ ಸಿಕ್ಕಿಕೊಳ್ಳುತ್ತವೆ. ಸ್ಯಾಟಿನ್‌ನಲ್ಲಿ ಸಂಖ್ಯೆ ಸಹಜವಾಗಿಯೇ ಹೆಚ್ಚು ಬರುವುದರಿಂದ 200ರ ಪರ್ಕೇಲಿಗೂ 400ರ ಸ್ಯಾಟಿನ್ನಿಗೂ ಒಂದೇ ಏಣಿಯ ಮೇಲೆ ಜಾಗ ಕೊಡುವುದೇ ತಪ್ಪು.

ನಮ್ಮ ಹವೆಗೆ ಒತ್ತು ನೇಯ್ಗೆ ಬೇಕೇ ಎಂಬ ಪ್ರಶ್ನೆಯೂ ಇದೆ. ಎಳೆಗಳು ಒತ್ತಾದಷ್ಟೂ ಬಟ್ಟೆಯೊಳಗೆ ಗಾಳಿ ಹಾಯುವುದು ಕಡಿಮೆ. ದೊಡ್ಡ ಸಂಖ್ಯೆಯ ಮೋಹ ಹುಟ್ಟಿದ್ದು ಚಳಿದೇಶದಲ್ಲಿ. ಅಲ್ಲಿ ಕೋಣೆ ಹೀಟರಿನಿಂದಲೋ ಏಸಿಯಿಂದಲೋ ಒಂದೇ ಹದದಲ್ಲಿರುತ್ತದೆ, ಬಟ್ಟೆ ಯಂತ್ರದಲ್ಲಿ ಒಣಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ರಾತ್ರಿಗೆ, ಮಂಗಳೂರಿನ ಜಿಗುಟು ಸೆಕೆಗೆ ಆ ಬಟ್ಟೆ ಹೊಂದುವುದಿಲ್ಲ. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದಾಗ ಒಂದೂವರೆ ಕಿಲೋ ತೂಗುವ ಶೀಟು ಒಗೆದು ಹಾಕಿದರೆ ಯಾವಾಗ ಒಣಗೀತು ಎಂದು ಮನೆಯಲ್ಲಿ ಬಟ್ಟೆ ಒಗೆಯುವವರನ್ನು ಕೇಳಬೇಕು. ಸಂಖ್ಯೆಯೇ ಗುಣವಾಗಿದ್ದರೆ ಲಿನನ್ ಎಂದೋ ಮೂಲೆ ಸೇರಬೇಕಿತ್ತು. ಅಗಸೆ ನಾರಿನ ಒಳ್ಳೆಯ ಶೀಟಿನ ಎಣಿಕೆ ನೂರರ ಹತ್ತಿರವೇ ಸುಳಿಯುತ್ತದೆ, ಬೆಲೆ ಹತ್ತಿಗಿಂತ ಹೆಚ್ಚು, ಬೇಸಿಗೆಯಲ್ಲಿ ಅದರಷ್ಟು ತಂಪು ಇನ್ನೊಂದಿಲ್ಲ. ನಮ್ಮ ಕೈಮಗ್ಗದ ಹಾಸುಬಟ್ಟೆಗಳೂ ಎಣಿಕೆಯಲ್ಲಿ ಕೆಳಗೇ ಇವೆ. ಅವುಗಳ ಮೇಲೆ ಟಿಸಿ ಅಚ್ಚು ಹಾಕಿದರೆ ಮಾರಾಟವೇ ಕೆಟ್ಟೀತು.

ಇಷ್ಟೆಲ್ಲ ಆದ ಮೇಲೂ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ. ನೂಲಿನ ಕೌಂಟ್, ಪ್ಲೈ, ನಾರಿನ ಉದ್ದ, ನೇಯ್ಗೆ, ತೂಕ ಇವನ್ನೆಲ್ಲ ನೋಡಿ ಕೊಳ್ಳಲು ಸಾಮಾನ್ಯ ಗೃಹಸ್ಥರೇನು ಜವಳಿ ಇಂಜಿನಿಯರುಗಳೇ? ಒಂದು ಒರಟು ಸಂಖ್ಯೆಯಾದರೂ ಇದ್ದರೆ ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ? ಒರಟು ಅಳತೆ ಬೇರೆ, ತಿರುಚಲು ಬರುವ ಅಳತೆ ಬೇರೆ ಎಂಬುದು ನನ್ನ ಉತ್ತರ. ಒರಟು ಅಳತೆಯ ತಪ್ಪು ಎರಡೂ ಕಡೆಗೆ ಬೀಳುತ್ತದೆ. ತಿರುಚಿದ ಅಳತೆಯ ತಪ್ಪು ಯಾವಾಗಲೂ ಮಾರುವವರ ಕಡೆಗೇ ಬೀಳುತ್ತದೆ. ಅಲ್ಲದೆ ಬಟ್ಟೆಯ ಗುಣ ಖಚಿತವಾಗಿ ಬೇಕಾದಾಗ ಯಾರೂ ಒಂದು ಸಂಖ್ಯೆಯನ್ನು ನಂಬಿ ಕೂರುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ರಾಷ್ಟ್ರಧ್ವಜದ ಖಾದಿಗೆ ಇರುವ ಭಾರತೀಯ ಮಾನಕವನ್ನು ನೋಡಿ: ಎಳೆಗಳ ಎಣಿಕೆ ಅದರಲ್ಲಿ ಇದೆ, ಆದರೆ ಜೊತೆಗೇ ಬಟ್ಟೆಯ ತೂಕ, ಹರಿಯದೆ ತಡೆಯುವ ಬಲ, ಬಣ್ಣ ಬಿಡದಿರುವ ಗುಣ ಎಲ್ಲಕ್ಕೂ ಪರೀಕ್ಷೆಯಿದೆ. ಎಣಿಕೆ ಒಂದೇ ಸಾಕು ಎಂದು ಸರ್ಕಾರ ತನ್ನ ಬಟ್ಟೆ ಕೊಳ್ಳುವಾಗ ಅಂದುಕೊಂಡಿಲ್ಲ. ಗ್ರಾಹಕರಿಗೆ ಅಷ್ಟೆಲ್ಲ ಬೇಡ. ಎಣಿಕೆಯ ಜೊತೆ ನೂಲಿನ ಕೌಂಟ್ ಮತ್ತು ಚದರ ಮೀಟರಿನ ತೂಕ ಎರಡನ್ನು ಕೊಟ್ಟರೆ ತಿರುಚುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಮೂರೂ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ಒಂದನ್ನು ಉಬ್ಬಿಸಿದರೆ ಉಳಿದೆರಡು ಹಿಡಿದುಕೊಡುತ್ತವೆ.

ಪೈಪೋಟಿಯೇ ಸರಿಮಾಡುತ್ತದೆ, ದೊಡ್ಡ ಬ್ರ್ಯಾಂಡುಗಳು ಹೆಸರು ಕೆಡಿಸಿಕೊಳ್ಳಲು ಹೋಗುವುದಿಲ್ಲ ಎನ್ನುವವರಿಗೆ 2016ರ ಆಗಸ್ಟ್ ನೆನಪಿರಲಿ. ಈಜಿಪ್ಟಿನ ಹತ್ತಿಯದೆಂದು ಮಾರಿದ ಶೀಟು, ದಿಂಬಿನ ಚೀಲಗಳಲ್ಲಿ ಬೇರೆ ಹತ್ತಿ ಇತ್ತು ಎಂದು ಹೇಳಿ ಅಮೆರಿಕದ ಟಾರ್ಗೆಟ್ ಕಂಪನಿ ನಮ್ಮ ವೆಲ್‌ಸ್ಪನ್ ಜವಳಿ ಕಂಪನಿಯ ಜೊತೆಗಿನ ವ್ಯವಹಾರ ಮುರಿದುಕೊಂಡಿತು. ಸುಮಾರು ಏಳೂವರೆ ಲಕ್ಷ ತುಂಡುಗಳ ಮಾತು ಅದು. ಎರಡು ವರ್ಷ ಆ ಶೀಟುಗಳ ಮೇಲೆ ಮಲಗಿದವರಲ್ಲಿ ಹತ್ತಿ ಬೇರೆಯದು ಎಂದು ಮೈಯಿಂದ ಕಂಡುಹಿಡಿಯುವ ಉಪಾಯ ಯಾರಿಗೂ ಇರಲಿಲ್ಲ. ಕೊಳ್ಳುವವರು ಪರೀಕ್ಷಿಸಲಾಗದ ಗುಣದ ಮೇಲೆ ಪೈಪೋಟಿ ನಡೆದರೆ ಗೆಲ್ಲುವುದು ಲೇಬಲ್.

ಎಣಿಕೆಗೆ ಸಲ್ಲಬೇಕಾದ ಗೌರವವನ್ನು ನಾನು ಕಸಿದುಕೊಳ್ಳುತ್ತಿಲ್ಲ. 104ರ ಜಾಳು ಬಟ್ಟೆಗೂ 200ರ ಬಟ್ಟೆಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಜಾಳು ನೇಯ್ಗೆ ಬೇಗ ಸಡಿಲವಾಗುತ್ತದೆ, ಹೊಲಿಗೆಯ ಹತ್ತಿರ ಎಳೆ ಸರಿಯುತ್ತದೆ. 200ರಿಂದ 300ಕ್ಕೆ ಹೋದರೆ ಒಂಟಿ ಎಳೆಯ ಹತ್ತಿಯಲ್ಲಿ ನವಿರು ನಿಜವಾಗಿಯೂ ಹೆಚ್ಚುತ್ತದೆ. ಒಳ್ಳೆಯ ಹೋಟೆಲಿನ ಹಾಸಿಗೆ ಹಿತವಾಗಿರುತ್ತದಲ್ಲ, ಅಲ್ಲಿ ಸಾವಿರ ಟಿಸಿ ಇರಬೇಕು ಎಂದು ಹಲವರ ಊಹೆ. ದಿನಾ ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಹಾಕಬೇಕಾದ ಅವರಿಗೆ ಬೇಗ ಒಣಗುವ, ಮತ್ತೆ ಮತ್ತೆ ಒಗೆತ ತಡೆಯುವ ಬಟ್ಟೆ ಬೇಕು, ಅದು ಸಾಮಾನ್ಯವಾಗಿ ಇನ್ನೂರು ಮುನ್ನೂರರಲ್ಲೇ ಸಿಗುತ್ತದೆ. ಆ ಹಿತದ ಬಹುಪಾಲು ಶುಭ್ರತೆಗೂ ಇಸ್ತ್ರಿಗೂ ಸೇರಿದ್ದು. ಮುನ್ನೂರು ನಾನೂರು ದಾಟಿದ ಮೇಲೆ ಮಾತ್ರ ಸಂಖ್ಯೆಯ ಮೇಲಿನ ನಂಬಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಎರಡಿವೆ. ಒಂದು ಬೆರಳಿನದು: ಅಂಚಿನ ಮಡಿಕೆಯಿಂದ ಒಂದು ನೂಲು ಎಳೆದು ಹುರಿಯ ಎದುರುದಿಕ್ಕಿಗೆ ತಿರುವಬೇಕು. ಒಂಟಿ ಎಳೆಯಾದರೆ ನಾರುನಾರಾಗಿ ಬಿಚ್ಚಿ ತುಂಡಾಗುತ್ತದೆ, ಪ್ಲೈಯಾದರೆ ಎರಡು ಸ್ಪಷ್ಟ ಎಳೆಯಾಗಿ ಕವಲೊಡೆಯುತ್ತದೆ. ಇನ್ನೊಂದು ಅಡುಗೆಮನೆಯ ತಕ್ಕಡಿಯದು. ಶೀಟನ್ನು ತೂಗಿ, ಉದ್ದಗಲದಿಂದ ಚದರ ಮೀಟರಿನ ತೂಕ ತೆಗೆಯಿರಿ. ಟಿಸಿಯನ್ನು 25ರಿಂದ ಗುಣಿಸಿ ಆ ತೂಕದಿಂದ ಭಾಗಿಸಿದರೆ ನೂಲಿನ ಸರಾಸರಿ ಕೌಂಟ್ ಹೆಚ್ಚುಕಡಿಮೆ ಬರುತ್ತದೆ. 90–100 ಇಂಚಿನ ಶೀಟು 700 ಗ್ರಾಂ ತೂಗಿದರೆ ಚದರ ಮೀಟರಿಗೆ 121 ಗ್ರಾಂ. ಅದರ ಮೇಲೆ 210 ಟಿಸಿ ಎಂದಿದ್ದರೆ ನೂಲು 43ರದ್ದು, ಲೆಕ್ಕ ಸರಿಯಾಗಿದೆ. 1000 ಎಂದಿದ್ದರೆ ನೂಲು 207ರದ್ದು ಆಗಬೇಕು. ಅಷ್ಟು ಸಣ್ಣ ಹತ್ತಿನೂಲಿನ ಶೀಟು ಎರಡು ಸಾವಿರ ರೂಪಾಯಿಗೆ ಸಿಗುವ ಮಾತಿಲ್ಲ. ಒಂದೋ ಎಣಿಕೆ ಸುಳ್ಳು, ಇಲ್ಲವೇ ಹೊಕ್ಕು ಹತ್ತಿಯದಲ್ಲ.

ತಕ್ಕಡಿ ಹಿಡಿಯುವ ಕೆಲಸ ಗ್ರಾಹಕರದ್ದಾಗಬಾರದು, ಅದು ಬೇರೆ ಮಾತು. ಪೊಟ್ಟಣ ಸರಕುಗಳ 2011ರ ನಿಯಮಗಳ ಪ್ರಕಾರ ಬೆಡ್‌ಶೀಟಿನ ಉದ್ದಗಲ ಮುದ್ರಿಸಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಪ್ಪೆಂದು ಹೇಳುತ್ತದೆ. ಉದ್ದಗಲದ ಕೆಳಗೆ ಇನ್ನೊಂದು ಸಾಲು ಸೇರಿಸುವುದಕ್ಕೆ ಹೊಸ ಕಾನೂನಿನ ಗ್ರಂಥವೇನೂ ಬೇಕಿಲ್ಲ. ಆ ಸಾಲನ್ನು ಯಾರೂ ಹೊಸದಾಗಿ ಲೆಕ್ಕಹಾಕಬೇಕಾಗಿಯೂ ಇಲ್ಲ. ಗಿರಣಿಗೆ ಬರುವ ಪ್ರತಿ ಆರ್ಡರಿನ ಮೇಲೆ ಹಾಸಿನ ಕೌಂಟ್, ಹೊಕ್ಕಿನ ಕೌಂಟ್, ಇಂಚಿಗೆ ಎರಡೂ ದಿಕ್ಕಿನ ಎಳೆ, ಅಗಲ ಇವಿಷ್ಟೂ ಬರೆದೇ ಇರುತ್ತವೆ: 60×60, 110×90 ಎಂಬಂತೆ. ಸಗಟು ವ್ಯಾಪಾರಿಗಳು ಬಟ್ಟೆ ಕೊಳ್ಳುವುದು ಹೀಗೆಯೇ, 1000 ಟಿಸಿ ಕೊಡಿ ಎಂದು ಗಿರಣಿಗೆ ಬರೆದು ಸುಮ್ಮನೆ ಕೂರುವ ಸಗಟು ವ್ಯಾಪಾರಿ ಇರಲಾರ. ಈ ಮಾಹಿತಿ ಗಿರಣಿಯಿಂದ ಹೊರಟು ಗೋದಾಮಿನವರೆಗೆ ಬಟ್ಟೆಯ ಜೊತೆಗೇ ಬರುತ್ತದೆ. ಪ್ಯಾಕೆಟ್ಟು ಮುಚ್ಚುವ ಮೇಜಿನ ಮೇಲೆ ಅದನ್ನು ತೆಗೆದು ಒಂದೇ ಸಂಖ್ಯೆ ಉಳಿಸುತ್ತಾರೆ.